ಅಣ್ಣನ ಹಾಯಿ

ಬೇರೆಯವರ ತವರಿನಿಂದ ಮಾವಿನಹಣ್ಣು ಬರುತ್ತದೆ, ಹಲಸು ಬರುತ್ತದೆ, ಏನಿಲ್ಲದಿದ್ದರೂ ಹಬ್ಬಕ್ಕೊಂದು ಫೋನಾದರೂ ಬರುತ್ತದೆ. ನನ್ನ ತವರಿನಿಂದ ಬರುತ್ತಿದ್ದದ್ದು ಕೊಳೆಯಾದ ಹಾಯಿ.

ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಗೆ, ಮಿರಗದ ಮಳೆ ಹಿಡಿಯುವ ಮುಂಚೆ ನಮ್ಮಣ್ಣ ಕುಪ್ಪ ತನ್ನ ದೋಣಿಯ ಹಾಯಿಯನ್ನು ಹಳೆಯ ಚಾದರದಲ್ಲಿ ಕಟ್ಟಿ, ಹೆಗಲಿಗೇರಿಸಿ, ಕಾರವಾರದಲ್ಲಿ ಅಂಕೋಲೆಯ ಬಸ್ಸು ಹತ್ತುತ್ತಿದ್ದ. ಹಟ್ಟಿಕೇರಿಯಲ್ಲಿ ಇಳಿದು ನಮ್ಮ ಅಂಗಳಕ್ಕೆ ಬಂದು ಗಂಟನ್ನು ಧೊಪ್ಪನೆ ಹಾಕುತ್ತಿದ್ದ. ಹೇಗಿದ್ದೀ ಎಂದು ಕೇಳುವ ಮುಂಚೆ ಕಂಡಕ್ಟರನಿಗೆ ಬಯ್ಯುತ್ತಿದ್ದ. ಆ ಗಂಟಿಗೆ ಲಗೇಜ್ ಹಾಕುವುದೋ ಬೇಡವೋ ಎಂಬ ಜಗಳ ಪ್ರತಿ ವರ್ಷ ಹೊಸದಾಗಿ ಆಗುತ್ತಿತ್ತು.

ನನ್ನ ತವರುಮನೆ ಕಾರವಾರದ ಬೈತಖೋಲದಲ್ಲಿ, ಕಡಲ ಅಂಚಿಗೆ. ಬೇಸಗೆಯಲ್ಲಿ ಅಲ್ಲಿಯ ಬಾವಿನೀರು ಉಪ್ಪಾಗುತ್ತದೆ. ಉಪ್ಪಿನ ನೀರಿನಲ್ಲಿ ಉಪ್ಪು ತೊಳೆಯಲು ಯಾರಿಗೂ ಬರುವುದಿಲ್ಲ. ಅದಕ್ಕಾಗಿ ಅಜ್ಜನ ಕಾಲದಿಂದಲೂ ನಮ್ಮಲ್ಲೊಂದು ರೂಢಿ: ಸಿಹಿನೀರಿನ ಊರಿಗೆ ಕೊಟ್ಟ ಮಗಳ ಮನೆಗೆ ಮಳೆಗಾಲದಲ್ಲಿ ಹಾಯಿ ಹೋಗಬೇಕು. ಅವಳು ತೊಳೆದು, ಒಣಗಿಸಿ, ಇಟ್ಟುಕೊಂಡು, ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಕೊಡುವ ಹೊತ್ತಿಗೆ ಮರಳಿ ತರಬೇಕು. ನನಗಿಂತ ಮುಂಚೆ ಆ ಕೆಲಸ ನನ್ನ ಸೋದರತ್ತೆಯದಾಗಿತ್ತು. ನನ್ನನ್ನು ಹಟ್ಟಿಕೇರಿಗೆ ಕೊಟ್ಟದ್ದೇ ಇಲ್ಲಿಯ ಹಳ್ಳ ನೋಡಿ ಎಂದು ನನ್ನ ಗಂಡ ರಾಮನಾಥ ಇವತ್ತಿಗೂ ಚೇಷ್ಟೆ ಮಾಡುತ್ತಾರೆ.

“ವರ ನೋಡೂಕೆ ಬಂದೋರು ನನ್ನ ಮುಖವೇ ನೋಡ್ಲಿಲ್ಲ. ಹಳ್ಳಕ್ಕೆ ಇಳ್ದು ನೀರು ಕುಡ್ದು ನೋಡಿ, ಆಯ್ತು ಅಂದ್ರು.”

ಅದು ಪೂರ್ತಿ ಸುಳ್ಳೇನಲ್ಲ.

ಹಾಯಿ ತೊಳೆಯುವುದೆಂದರೆ ಸೀರೆ ಒಗೆದಂತಲ್ಲ. ಕಲ್ಲಿಗೆ ಬಡಿದರೆ ನೂಲು ಸಡಿಲಾಗುತ್ತದೆ. ಸೋಪು ಮುಟ್ಟಿಸುವ ಹಾಗಿಲ್ಲ, ಹಿಂಡುವ ಹಾಗಂತೂ ಇಲ್ಲವೇ ಇಲ್ಲ. ನಮ್ಮ ಮನೆಯ ಹಿಂದೆ ಹಳ್ಳದಲ್ಲೊಂದು ಗುಂಡಿಯಿದೆ, ಎಂಥ ಬೇಸಗೆಯಲ್ಲೂ ಅಲ್ಲಿ ಸೊಂಟದ ಮಟ್ಟಕ್ಕೆ ನೀರು. ಅದರಲ್ಲಿ ಬಟ್ಟೆಯನ್ನು ಬಿಡಿಸಿ ಹಿಡಿದು, ಆ ಮಗ್ಗುಲು ಈ ಮಗ್ಗುಲು ತಿರುವುತ್ತ, ಉಪ್ಪು ತಾನಾಗಿ ಬಿಡುವ ತನಕ ನಿಲ್ಲಬೇಕು. ನನ್ನಂಥ ಸಿಡುಕಿಗೆ ಈ ಕೆಲಸ ಯಾರು ಹಚ್ಚಿದರೋ. ಆದರೆ ವರ್ಷದಲ್ಲಿ ನಾನು ತಾಳ್ಮೆಯಿಂದ ಮಾಡುವ ಕೆಲಸ ಅದೊಂದೇ.

ಉಪ್ಪು ಹೋಯಿತೋ ಇಲ್ಲವೋ ನೋಡುವುದು ನಾಲಿಗೆಯಿಂದ. ಹಾಯಿಯ ಅಂಚು ಹಿಡಿದು, ಸುತ್ತಲೂ ನಡೆಯುತ್ತ, ಅಲ್ಲಲ್ಲಿ ನಾಲಿಗೆ ತಾಗಿಸುತ್ತ ಹೋಗಬೇಕು. ಎಲ್ಲಿಯಾದರೂ ಚೂರು ಉಪ್ಪು ಹತ್ತಿತೋ, ಮತ್ತೆ ನೀರಿಗೆ ಇಳಿಯಬೇಕು. ಬಟ್ಟೆಯಲ್ಲಿ ಉಪ್ಪು ಉಳಿದರೆ ಅದು ಮಳೆಗಾಲವಿಡೀ ಗಾಳಿಯ ಪಸೆ ಎಳೆದುಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ, ಅಲ್ಲಿಂದಲೇ ಕೊಳೆಯಲು ಶುರು. ಆಮೇಲೆ ಒಣಗಿಸುವುದು ಪಕ್ಕದ ಮನೆಯ ಸುಕ್ರಿಯ ಅಂಗಳದಲ್ಲಿ. ಸುಕ್ರಿ ಹಾಲಕ್ಕಿಯವಳು, ಗದ್ದೆ ಮಾಡುತ್ತಾಳೆ, ಭತ್ತ ಒಣಗಿಸುವ ಅವಳ ಅಂಗಳ ನಮ್ಮ ಮನೆಗಿಂತ ದೊಡ್ಡದು. ಒಣಗಿದ ಮೇಲೆ ಮಡಿಸಬಾರದು, ಮಡಿಸಿದ ಗೆರೆಯಲ್ಲೇ ಹರಿಯುತ್ತದೆ. ಹುಳ ಹತ್ತದಂತೆ ನಡುನಡುವೆ ಲಕ್ಕಿ ಸೊಪ್ಪು ಹಾಕಿ ಬಿದಿರಿಗೆ ಸುತ್ತಬೇಕು. ನಮ್ಮಲ್ಲಿ ಗ್ಯಾಸು ಬಂದು ಹೊಗೆ ಹೋದ ಮೇಲೆ ಅದನ್ನು ತೂಗುಹಾಕುವುದೂ ಸುಕ್ರಿಯ ಬಚ್ಚಲೊಲೆಯ ಮೇಲಿನ ಜಂತಿಗೇ. ಇಲಿ ಇಳಿಯದಂತೆ ಹಗ್ಗಕ್ಕೆ ತೆಂಗಿನ ಗೆರಟೆ ಪೋಣಿಸುತ್ತೇವೆ. ಇಲಿ ಗೆರಟೆಯ ಮೇಲೆ ಕಾಲಿಟ್ಟರೆ ಜಾರಿ ಕೆಳಗೆ ಬೀಳುತ್ತದೆ. ಸುಕ್ರಿಯ ಬೆಕ್ಕು ಅಲ್ಲೇ ಕೆಳಗೆ ಮಲಗುತ್ತದೆ.

ಹಾಯಿ ಒಪ್ಪಿಸಿ, ಊಟ ಮುಗಿಸಿ, ಹೊರಡುವಾಗ ಅಣ್ಣ ಬೇಲಿಯ ದಣಪೆಬಾಗಿಲ ಹತ್ತಿರ ನಿಂತು, ಹಿಂದೆ ತಿರುಗಿ ನೋಡದೆ ಒಂದು ಮಾತು ಹೇಳುತ್ತಿದ್ದ.

“ಹುಣ್ಣಿಮೆಗೆ ತಕಂಬಾ.”

“ನಾ ಎಂತಾ ಹಮಾಲಿಯೇ? ಬೇಕಾದ್ರೆ ನೀನೇ ಬಂದು ಹೊತ್ಕಂಡು ಹೋಗು” ಎನ್ನುತ್ತಿದ್ದೆ ನಾನು. ಹುಣ್ಣಿಮೆಗೆ ನಾನೇ ಹೊತ್ತುಕೊಂಡು ಹೋಗುತ್ತಿದ್ದೆ. ದೋಣಿಗೆ ಹಾಯಿ ಕಟ್ಟಿ ಕುಂಕುಮ ಹಚ್ಚಿದ ಮೇಲೆ ಅಣ್ಣ ಒಂದು ಸೀರೆ ಕೊಡುತ್ತಿದ್ದ, ಬಣ್ಣ ಮಾತ್ರ ದೇವರಿಗೇ ಪ್ರೀತಿ. ಅದನ್ನು ಉಟ್ಟುಕೊಂಡೇ ಎಲ್ಲರ ಜೊತೆ ಕೂತು ಕಾಯನ್ನ ಉಣ್ಣುತ್ತಿದ್ದೆ. ನನ್ನ ಮಟ್ಟಿಗೆ ತವರು ಎಂದರೆ ಮೂರು ಶಬ್ದವೂ ಇಲ್ಲದ ಆ ಕರೆ. ಬಾ ಎಂದು ಬೇರೆ ಯಾರೂ ಕರೆದದ್ದಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ.

ಈ ಸಂಕ್ರಾಂತಿಗೆ ಮುಂಚೆ ಅಣ್ಣ ಹೋದ. ಮಧ್ಯಾಹ್ನದ ಗಾಳಿಗೆ ಹಾಯಿ ಬಿಟ್ಟುಕೊಂಡು ದಡಕ್ಕೆ ಬಂದವನು, ದೋಣಿ ಎಳೆದು, ಹಾಯಿ ಸುತ್ತಿ ಮನೆಗೆ ತಂದಿಟ್ಟು, ಎದೆ ಹಿಡಿದುಕೊಂಡು ಕೂತ. ಕೂತವನು ಏಳಲಿಲ್ಲ. ದೋಣಿಗೆ ಮೋಟಾರು ಹಾಕಿಸಿ ಎಷ್ಟೋ ವರ್ಷವಾಗಿದ್ದರೂ ಬರುವಾಗ ಅದನ್ನು ಚಾಲೂ ಮಾಡುತ್ತಿರಲಿಲ್ಲ. ಗಾಳಿ ಬಿಟ್ಟಿ ಸಿಗುವಾಗ ಸೀಮೆಎಣ್ಣೆ ಯಾಕೆ ಸುಡಬೇಕು ಎಂಬುದು ಅವನ ವಾದ.

ಅಳುವಷ್ಟು ಅತ್ತೆ. ಹದಿಮೂರನೆಯ ದಿನ ಮುಗಿಸಿ ಬರುವಾಗ ಅಣ್ಣನ ಹೆಂಡತಿ ಲತಾ ವೈನಿ ಬಾಗಿಲ ತನಕ ಬಂದಳು. ಅವಳು ಮಾತು ಕಮ್ಮಿಯವಳೇ. ಆದರೆ ಆ ದಿನದಿಂದ ನನ್ನ ಹೊಟ್ಟೆಯಲ್ಲೊಂದು ಪ್ರಶ್ನೆ ಕೂತಿತ್ತು: ಮೇ ತಿಂಗಳಲ್ಲಿ ಹಾಯಿ ಬರುತ್ತದೋ ಇಲ್ಲವೋ? ಕೇಳಿಬಿಡಬಹುದಿತ್ತು. ಆದರೆ ತವರಿನಿಂದ ಬರಬೇಕಾದದ್ದನ್ನು ಬಾಯಿಬಿಟ್ಟು ಕೇಳಿ ತರಿಸಿಕೊಂಡರೆ ಅದು ಬಂದ ಹಾಗೆ ಆಗುವುದಿಲ್ಲ.

ಮೇ ತಿಂಗಳು ಮುಗಿಯಲು ಬಂತು. ಪಡುವಲಲ್ಲಿ ಮೋಡ ಕಟ್ಟತೊಡಗಿತು. ಸುಕ್ರಿ ಅಂಗಳಕ್ಕೆ ಸೆಗಣಿ ಸಾರಿಸಿ ಕಾದಳು. ದಿನಾ ಬೆಳಿಗ್ಗೆ ಬೇಲಿಯ ಆಚೆಯಿಂದ ಅವಳ ಕೂಗು.

“ಕಾಶಕ್ಕಾ, ಹಾಯಿ ಬರ್ಲಿಲ್ಲಾ?”

“ಬಂದ್ರೆ ನಿಂಗೆ ಕಾಣೂದಿಲ್ಲಾ? ಹಾಯಿ ಎಂತಾ ಸೂಜಿಯೇ?” ಎಂದು ಅವಳ ಮೇಲೆ ಹರಿಹಾಯ್ದೆ. ಪಾಪ, ಸುಕ್ರಿ ಮರುದಿನವೂ ಕೇಳಿದಳು.

ಕಡೆಗೆ ಅಣ್ಣನ ಮಗ ಆಶಿಷನ ಫೋನು ಬಂತು. ಅವನು ಕೈಗಾದಲ್ಲಿ ಕಾಂಟ್ರಾಕ್ಟಿನ ಮೇಲೆ ಕೆಲಸಕ್ಕಿದ್ದಾನೆ, ರಜೆಯ ದಿನ ಮಾತ್ರ ದೋಣಿ ಇಳಿಸುತ್ತಾನೆ. ಕಂಪನಿ ಬಸ್ಸಿನಲ್ಲಿ ಕೂತೇ ಫೋನು ಮಾಡಿದ್ದ, ಗಲಾಟೆ ಕೇಳಿಸುತ್ತಿತ್ತು.

“ಆತ್ಯಾ, ಈ ವರ್ಷ ನಿಮ್ಗೆ ತ್ರಾಸೇ ಇಲ್ಲ. ಹೊಸಾ ಶೀಡ ತಂದೆ.” ನನ್ನ ತವರಿನಲ್ಲಿ ಹಾಯಿಗೆ ಶೀಡ ಎನ್ನುವುದೇ ವಾಡಿಕೆ. “ನೈಲಾನ್ ನಮೂನಿದು, ಹಳೇದ್ರ ಹಾಂಗೆ ನೀರಲ್ಲಿ ಮುಳುಗ್ಸೂದು ಬೇಡ. ಅಂಗಳದಲ್ಲೇ ನಳದ ನೀರು ಹೊಡ್ದು, ನೆಳ್ಳಿಗೆ ಒಣಗ್ಸಿ, ಪೈಪಿಗೆ ಸುತ್ತಿ ಚೀಲಕ್ಕೆ ಹಾಕಿದ್ರೆ ಮುಗೀತು.”

“ತರೂಕೆ ಯಾರು ಹೇಳಿದ್ರು?”

“ಅಮ್ಮನೇ ಹೇಳಿದ್ಲು.”

ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಸತ್ತು ವರ್ಷ ತುಂಬಿಲ್ಲ, ಅಷ್ಟರಲ್ಲೇ ನನ್ನನ್ನು ಕಡಿದು ಹಾಕಿದಳಲ್ಲ! ವರ್ಷಕ್ಕೊಂದು ಸೀರೆ ಉಳಿಯಿತು ಎಂದುಕೊಂಡಳೋ? ಆ ಬಣ್ಣದ ಸೀರೆಗಳನ್ನು ಆರಿಸುತ್ತಿದ್ದವಳೂ ಅವಳೇ ಇರಬೇಕು. ರಾಮನಾಥ ಮೀನಿನ ಬುಟ್ಟಿ ಸ್ಕೂಟರಿಗೆ ಕಟ್ಟುತ್ತ, “ನಿಂಗೂ ವಯಸ್ಸಾಯ್ತು, ಮಂಡಿ ನೋವು. ಪಾಪ, ಒಳ್ಳೇದಕ್ಕೇ ಮಾಡಿರ್ಬೇಕು” ಎಂದರು. ಒಳ್ಳೆಯದಕ್ಕೆ ಮಾಡಿದ್ದು ಎಂಬ ಮಾತಿನಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ಮರುದಿನ ಬೆಳಿಗ್ಗೆ ಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ನೆಪಕ್ಕೆ ಹಿಡಿದುಕೊಂಡು ಕಾರವಾರದ ಬಸ್ಸು ಹತ್ತಿದೆ.

ಲತಾ ವೈನಿ ಜಗುಲಿಯಲ್ಲಿ ಸಿಗಡಿ ಸುಲಿಯುತ್ತ ಕೂತಿದ್ದಳು. ಬಡವಾಗಿದ್ದಳು. ಚಹಾ ಇಟ್ಟಳು, ಭರಣಿ ಇಸಿದುಕೊಂಡಳು, ಆದರೆ ಹಾಯಿಯ ಮಾತು ಎತ್ತಲಿಲ್ಲ. ನಾನೇ ಎತ್ತಿದೆ.

“ಹೊಸಾ ಶೀಡ ಬಂದಿದ್ಯಂತೆ. ನೋಡ್ವಾ ಹೇಳಿ ಬಂದೆ.”

ಅವಳು ಮಂಚದ ಅಡಿಯಿಂದ ಉದ್ದದ ಚೀಲ ಎಳೆದು ಕೊಟ್ಟಳು. ಬೆಳ್ಳಗಿತ್ತು, ಗರಿಗರಿಯಾಗಿತ್ತು, ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಆಶಿಷ ಅದನ್ನು ಆಗಲೇ ಕಡಲಿಗೆ ಕೊಂಡೊಯ್ದು ತಂದಿದ್ದ, ಅವಳು ತೊಳೆದಿದ್ದಳು. ಅವಳು ಚಹಾ ಸೋಸಲು ಒಳಗೆ ಹೋದ ಹೊತ್ತು ನೋಡಿ ಅಂಚಿಗೆ ನಾಲಿಗೆ ತಾಗಿಸಿದೆ. ಒಂದು ಕಡೆ, ಇನ್ನೊಂದು ಕಡೆ, ಹೊಲಿಗೆಯ ಸಂದಿಯಲ್ಲಿ. ಉಪ್ಪು ಇರಲಿ ದೇವರೇ ಎಂದು ಬೇಡಿಕೊಂಡು ಹಾಯಿ ನೆಕ್ಕಿದವಳು ನಾನೊಬ್ಬಳೇ ಇರಬೇಕು. ಚೂರೂ ಇರಲಿಲ್ಲ. ನಾನು ತೊಳೆದಿದ್ದರೂ ಅಷ್ಟು ಚೊಕ್ಕಾಗುತ್ತಿತ್ತೋ ಇಲ್ಲವೋ.

ಇನ್ನು ನನ್ನ ಅಗತ್ಯ ಇಲ್ಲಿಲ್ಲ ಎಂಬುದು ನನ್ನ ನಾಲಿಗೆಗೇ ಗೊತ್ತಾಯಿತು. ಸಿಟ್ಟು ಇಳಿದು ಹೋಗಿ ಬರೀ ದುಃಖ ಉಳಿಯಿತು. ಆಗ ಹಳೆಯದರ ನೆನಪಾಯಿತು. ಅಪ್ಪ ಮಾದರಪಾಟಿನ ದಪ್ಪ ಹತ್ತಿಬಟ್ಟೆ ತಂದು ಹೊಲಿಸಿ, ಮತ್ತಿಮರದ ಚಕ್ಕೆ ಕುದಿಸಿದ ನೀರಿನಲ್ಲಿ ಅದ್ದಿ ಕಂದು ಮಾಡಿದ ಹಾಯಿ. ಅಣ್ಣ ಎಷ್ಟು ಕಡೆ ತೇಪೆ ಹಾಕಿದ್ದ ಎಂಬುದು ನನ್ನ ಕೈಗೆ ಬಾಯಿಪಾಠ. ಒಣಮೀನಿಗೆ ಮುಚ್ಚಲು ಹಾಕಿರಬೇಕು ಎಂದುಕೊಂಡು ಒಳಕೋಣೆಗೆ ಹೋದೆ. ಅಕ್ಕಿಯ ಡ್ರಮ್ಮಿನ ಹಿಂದೆ, ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಣ್ಣ ಕಟ್ಟಿದ ಗಂಟು ಹಾಗೇ ಇತ್ತು. ಹಗ್ಗದ ತುದಿಯನ್ನು ಒಳಗೆ ಸಿಗಿಸುವುದು ಅವನೊಬ್ಬನದೇ ಪದ್ಧತಿ. ಸುರುಳಿಯ ನಡುವೆ, ಹಾಯಿಯ ಜೊತೆಗೇ ಸುತ್ತಿಹೋಗಿದ್ದ ಅವನ ಪಂಚೆಯ ತುದಿ ಇಣುಕುತ್ತಿತ್ತು.

“ಮುಟ್ಬೇಡ, ಕಾಶಿ.”

ವೈನಿ ಚಹಾದ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇದ್ನ ಯಾಕೆ ಕಳಿಸ್ಲಿಲ್ಲ?” ಎಂದೆ.

“ಕಳಿಸಿದ್ರೆ ನೀ ತೊಳೀತೆ.”

“ತೊಳೆಯೂಕೇ ಅಲ್ವಾ ಕಳ್ಸೂದು?”

“ನೀ ಚೂರೂ ಬಿಡೂದಿಲ್ಲ, ನಂಗೆ ಗೊತ್ತಿಲ್ವಾ? ಉಪ್ಪು ಪೂರ್ತಿ ತೆಗೀತೆ.” ಅವಳ ದನಿ ಏರಲಿಲ್ಲ. “ಅದು ಅವ್ರು ಹೋದ ದಿನ ಕಡಲಿಂದ ತಂದದ್ದು. ಅವ್ರ ಬಾಕಿ ಅಂಗಿ ಪಂಚೆ ಎಲ್ಲಾ ಯಾರ್ಯಾರೋ ತೊಳ್ದು ಮಡ್ಸಿಟ್ರು. ಇದೊಂದು ಉಳೀತು. ರಾತ್ರಿ ಬಾಗ್ಲು ಹಾಕಂಡು ಹತ್ರ ಕೂತ್ರೆ ವಾಸ್ನೆ ಬತ್ತದೆ. ಬೀಡಿದು, ಸೀಮೆಎಣ್ಣೆದು, ಅವ್ರದು. ಅದ್ಕೇ ಆಶಿಷನ ಹತ್ರ ಹೊಸಾದು ತಾ ಅಂದೆ. ಇದು ಯಾರಿಗೂ ಬೇಡ ಆಗ್ಲಿ ಹೇಳಿ.”

ನಾನು ಸೀರೆಯ ಲೆಕ್ಕ ಹಾಕಿಕೊಂಡು ಬಂದಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆದರೂ ಕಣ್ಣು ಸುಮ್ಮನಿರಲಿಲ್ಲ. ಸುರುಳಿಯ ಅಡಿಯಲ್ಲಿ ನೆಲ ತಾಗಿದ ಕಡೆ ಬಿಳಿ ಚುಕ್ಕೆಗಳು ಎದ್ದಿದ್ದವು. ಮಳೆ ಇನ್ನೂ ಬಂದಿಲ್ಲ, ಆಗಲೇ ಹೀಗೆ.

“ಬೂಸ್ಟು ಬಂದಿದೆ ವೈನಿ. ಮಳೆ ಹಿಡೀತು ಅಂದ್ರೆ ಕಪ್ಪಾಗ್ತದೆ. ಚೌತಿ ಹೊತ್ತಿಗೆ ಕೈಯಲ್ಲಿ ಹಿಡಿದ್ರೆ ಹರೀತದೆ.”

“ಹರೀಲಿ” ಎಂದಳು.

ನನಗಿಂತ ಅವಳ ಹಕ್ಕು ದೊಡ್ಡದು. ಚಹಾ ಕುಡಿದು, ಬಸ್ಸು ಹತ್ತಿ ಬಂದುಬಿಟ್ಟೆ. ಸಂಜೆ ಸುಕ್ರಿ ಬೇಲಿಯ ಹತ್ತಿರ ಬಂದಾಗ, “ಈ ವರ್ಷ ಹಾಯಿ ಇಲ್ಲ, ನಿನ್ನ ಅಂಗಳದಲ್ಲಿ ಹಪ್ಪಳ ಒಣಗ್ಸಿಕೋ” ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ರಾತ್ರಿ ಊಟ ಸೇರಲಿಲ್ಲ. ವೈನಿಯ ಮೇಲೆ ಸಿಟ್ಟಿರಲಿಲ್ಲ ನಿಜ. ಆದರೆ ಹಾಯಿ ಬರುವುದಿಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು. ಹುಣ್ಣಿಮೆಗೆ ಬರಿಗೈಯಲ್ಲಿ ಹೋಗಿ ನಿಂತರೆ ನಾನು ಆ ಮನೆಗೆ ಯಾರು? ಊಟಕ್ಕೆ ಬಂದ ನೆಂಟಳು.

ಅದಾಗಿ ಎರಡು ದಿನಕ್ಕೆ, ನಾನು ಅಂಗಳ ಗುಡಿಸುತ್ತಿರುವಾಗ, ದಣಪೆಯ ಹತ್ತಿರ ಯಾರೋ ಕೆಮ್ಮಿದರು. ನೋಡಿದರೆ ಲತಾ ವೈನಿ. ತಲೆಯ ಮೇಲೆ ಅದೇ ಹಳೇ ಚಾದರದ ಗಂಟು. ಮುಖವೆಲ್ಲ ಬೆವರು.

“ಕಂಡಕ್ಟ್ರು ಲಗೇಜ್ ತಕಂಡ ಮಾರಾಯ್ತಿ” ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಟು ಇಳಿಸಿಕೊಂಡೆ, ನೀರು ಬೆಲ್ಲ ಕೊಟ್ಟೆ. ಅವಳು ನೀರು ಕುಡಿದು, ಲೋಟ ಕೆಳಗಿಟ್ಟು, ಅದರ ಅಂಚು ನೋಡುತ್ತ ಹೇಳಿದಳು.

“ನೀ ಬಂದು ಹೋದ ಮೇಲೆ ರಾತ್ರಿ ಮೂಗು ಹಚ್ಚಿ ನೋಡ್ದೆ. ಬೂಸ್ಟಿನ ವಾಸ್ನೆ ಒಂದೇ ಬತ್ತದೆ ಕಾಶಿ. ಅವ್ರದ್ದು ಇಲ್ಲ. ಎಷ್ಟು ಹೊತ್ತು ನೋಡಿದ್ರೂ ಇಲ್ಲ.”

ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಸಮಾ ಅತ್ತೆವು. ಅಣ್ಣ ಹೋದಾಗ ಜನರ ನಡುವೆ ಅತ್ತದ್ದು ಬೇರೆ, ಇದು ಬೇರೆ. ಬೇಲಿಯ ಆಚೆ ಸುಕ್ರಿ ಆಗಲೇ ಅಂಗಳದಿಂದ ಹಪ್ಪಳದ ಚಾಪೆ ತೆಗೆಯುತ್ತಿದ್ದಳು.

ಗಂಟು ಬಿಚ್ಚುವ ಕೆಲಸ ವೈನಿಗೇ ಬಿಟ್ಟೆ. ಅವಳು ಹಗ್ಗದ ತುದಿಯನ್ನು ಮೆಲ್ಲಗೆ ಎಳೆದು ತೆಗೆದಳು, ಪಂಚೆಯನ್ನು ಮಡಿಸಿ ಜಗುಲಿಯ ಮೇಲಿಟ್ಟಳು. ಮೂವರೂ ಹಳ್ಳಕ್ಕೆ ಇಳಿದೆವು. ನೀರು ತಣ್ಣಗಿತ್ತು. ಸುಕ್ರಿ ಒಂದು ಮಗ್ಗುಲು, ನಾನು ಒಂದು ಮಗ್ಗುಲು, ಮೇಲಿನ ಮೂಲೆಯ ಹತ್ತಿರ ವೈನಿ. ಕಂದು ಬಟ್ಟೆ ನೀರಿನಲ್ಲಿ ಬಿಚ್ಚಿಕೊಂಡು ಗುಂಡಿಯ ತುಂಬ ಹರಡಿತು. ಬೂಸ್ಟಿನ ಚುಕ್ಕೆಗಳನ್ನು ಅಂಗೈಯಿಂದ ತಿಕ್ಕಿದೆ. ಹೊಸದಾದ್ದರಿಂದ ಬಿಟ್ಟುಕೊಟ್ಟವು. ಒಂದೆರಡು ಮಾತ್ರ ನೆರಳಿನ ಹಾಗೆ ಉಳಿದವು.

ಸುಮಾರು ಹೊತ್ತಿನ ಮೇಲೆ ನೋಡುತ್ತೇನೆ, ವೈನಿಯ ಬಲಗೈ ನೀರಿನಿಂದ ಮೇಲೆಯೇ ಇದೆ. ಹಗ್ಗ ಪೋಣಿಸುವ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿಕೊಂಡೇ ನಿಂತಿದ್ದಾಳೆ. ಅಣ್ಣ ಹಾಯಿ ಏರಿಸುವಾಗಲೂ ಇಳಿಸುವಾಗಲೂ ಹಿಡಿಯುತ್ತಿದ್ದದ್ದು ಆ ಮೂಲೆ. ಅವನ ಕೈಯ ಎಣ್ಣೆಗೆ ಅಷ್ಟು ಭಾಗ ಕಪ್ಪಗಾಗಿತ್ತು. ತೋಳು ನೋಯುತ್ತಿರಬೇಕು. ಅವಳು ಕೈ ಬದಲಿಸಲಿಲ್ಲ.

ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅಲ್ಲೇ ಗದರಿಸುತ್ತಿದ್ದೆ. ಈ ಕೆಲಸದಲ್ಲಿ ನಾನು ಗಂಡನಿಗೂ ರಿಯಾಯಿತಿ ಕೊಟ್ಟವಳಲ್ಲ. ಆದರೆ ನಾನು ಮುಖ ಆ ಕಡೆ ತಿರುಗಿಸಿ ನನ್ನ ಮಗ್ಗುಲು ತೊಳೆಯುತ್ತಲೇ ಇದ್ದೆ.

ಅಂಗಳದಲ್ಲಿ ಹಾಸಿದ ಮೇಲೆ ಅಂಚು ಹಿಡಿದು ಸುತ್ತಲೂ ನಡೆದೆ. ಕೆಳಗಿನ ಅಂಚು, ಸಿಹಿ. ಪಕ್ಕದ್ದು, ಸಿಹಿ. ತೇಪೆಗಳ ಹೊಲಿಗೆ, ಸಿಹಿ. ಆ ಮೂಲೆಗೆ ಬಂದೆ. ವೈನಿ ಪಂಚೆಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾಲಿಗೆ ತಾಗಿಸಿದೆ. ಇಡೀ ಕಡಲೇ ಅಲ್ಲಿತ್ತು. ಬಾಯಲ್ಲಿ ಇಟ್ಟುಕೊಂಡೇ ಒಂದು ಗಳಿಗೆ ನಿಂತೆ.

“ಉಪ್ಪ ಹೋಯ್ತಾ, ಕಾಶಕ್ಕಾ?” ಸುಕ್ರಿ ಕೇಳಿದಳು.

“ಹೋಯ್ತು. ಪೂರ್ತಿ ಹೋಯ್ತು” ಎಂದೆ.

ಆ ಮೂಲೆ ಮೊದಲು ಕೊಳೆಯುತ್ತದೆ, ನನಗೆ ಚೆನ್ನಾಗಿ ಗೊತ್ತು. ಕೊಳೆಯಲಿ, ಬರುವ ವರ್ಷ ತೇಪೆ ಹಾಕಿದರಾಯಿತು. ಮಿಕ್ಕ ಬಟ್ಟೆ ಉಳಿಯುತ್ತದೆ.

ದೇವರ ದಯೆ, ಮಳೆ ತಡವಾಯಿತು. ಹಾಯಿ ಒಣಗುವ ತನಕ ವೈನಿ ನಮ್ಮಲ್ಲೇ ಉಳಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನಮ್ಮ ಮನೆಯಲ್ಲಿ ಮಲಗಿದ್ದು ಅದೇ ಮೊದಲು. ಸೀರೆಗಳ ಬಣ್ಣ ಆರಿಸುತ್ತಿದ್ದವನು ಅಣ್ಣನೇ ಎಂಬುದೂ ಆಗಲೇ ತಿಳಿಯಿತು. “ನಾ ಬೇಡಾ ಬೇಡಾ ಅಂದ್ರೂ ಅದ್ನೇ ತತ್ತಿದ್ರು” ಎಂದಳು. ಬಿಸಿಲು ಇಳಿದ ಮೇಲೆ ಬಿದಿರಿಟ್ಟು, ಲಕ್ಕಿ ಸೊಪ್ಪು ಹಾಸಿ, ಮೂವರೂ ಸೇರಿ ಸುತ್ತಿದೆವು. ಆ ಮೂಲೆಯನ್ನು ವೈನಿ ಎಲ್ಲಕ್ಕಿಂತ ಒಳಗೆ ಇಟ್ಟಳು. ಕಟ್ಟುವಾಗ ಹಗ್ಗದ ತುದಿಯನ್ನು ಒಳಗೆ ಸಿಗಿಸಿದಳು. ಸುಕ್ರಿಯ ಬಚ್ಚಲೊಲೆಯ ಮೇಲೆ, ಗೆರಟೆ ಪೋಣಿಸಿದ ಹಗ್ಗಕ್ಕೆ ಅದನ್ನು ತೂಗುಹಾಕಿದೆವು. ಬೆಕ್ಕು ಬಂದು ಕೆಳಗೆ ಮಲಗಿತು.

ಊಟ ಮುಗಿಸಿ ವೈನಿ ಹೊರಟಳು. ಬರುವಾಗ ತಂದ ಚಾದರವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನಾನು ಅಂಗಳದ ತನಕ ಹೋಗಿ ನಿಂತೆ. ಕೇಳಬಾರದು ಎಂದು ತುಟಿ ಕಚ್ಚಿಕೊಂಡಿದ್ದೆ. ಮನೆಯಲ್ಲಿ ಹೊಸ ಹಾಯಿ ಇದೆ. ಈ ಹಳೆಯದು ಇಲ್ಲೇ ಜಂತಿಯ ಮೇಲೆ ಉಳಿದರೂ ಅಲ್ಲಿ ಯಾರ ದೋಣಿಯೂ ನಿಲ್ಲುವುದಿಲ್ಲ. ಅವಳು ದಣಪೆ ದಾಟಿ ನಿಂತಳು. ತಿರುಗಲಿಲ್ಲ.

“ಹುಣ್ಣಿಮೆಗೆ ತಕಂಬಾ, ಕಾಶಿ. ಕಾಯಿ ಕೊಡೂಕೆ ಇದೇ ಶೀಡ ಕಟ್ಟೂದು. ಆಶಿಷಂಗೆ ಹೇಳಿದ್ದೆ.”

ಪ್ರತಿ ವರ್ಷದ ಉತ್ತರ ನಾಲಿಗೆಯ ತುದಿಗೆ ಬಂತು. ಆದರೆ ಅದು ಅಣ್ಣನಿಗೆ ಹೇಳುತ್ತಿದ್ದ ಮಾತು ಎಂದು ತಡೆದುಕೊಂಡೆ. ವೈನಿ ಅಲ್ಲೇ ಕಾಯುತ್ತ ನಿಂತಿದ್ದಳು. ಅಣ್ಣ ಮನೆಗೆ ಹೋಗಿ ಅವಳಿಗೆ ನನ್ನ ಆ ಉತ್ತರವನ್ನೂ ಹೇಳುತ್ತಿದ್ದನೆಂದು ಕಾಣುತ್ತದೆ.

“ನಾ ಎಂತಾ ಹಮಾಲಿಯೇ?” ಎಂದೆ ಹೇಗೋ.

ಅವಳ ಹೆಗಲು ಸಣ್ಣಗೆ ಅಲುಗಿತು, ನಕ್ಕಳೋ ಅತ್ತಳೋ ಹಿಂದಿನಿಂದ ತಿಳಿಯಲಿಲ್ಲ. ಆಮೇಲೆ ಬಸ್ಸಿನ ಸದ್ದು ಕೇಳಿ ಬೇಗ ಬೇಗ ನಡೆದಳು.